ಬೆಣ್ಣೆಗೆ ಬೇಕಾದ ಅಪ್ಪಣೆ

ಜರ್ಮನಿಯ ಪೂರ್ವಭಾಗದಲ್ಲಿ, ಎಲ್ಬೆ ನದಿಯ ದಡದಲ್ಲಿ, ಡ್ರೆಸ್ಡೆನ್ ಎಂಬ ನಗರವಿದೆ. ಸ್ಯಾಕ್ಸನಿಯ ಅರಸರಿಗೆ ಅದು ಬಹುಕಾಲ ರಾಜಧಾನಿಯಾಗಿದ್ದಿತು. ಅರಮನೆಗಳಿಗೂ ಚಿತ್ರಶಾಲೆಗಳಿಗೂ ಪ್ರಸಿದ್ಧವಾದ ಈ ನಗರಕ್ಕೆ ಕೀರ್ತಿಯನ್ನು ತಂದಿರುವ ಇನ್ನೊಂದು ವಸ್ತುವೆಂದರೆ ಕ್ರಿಸ್ಮಸ್ ಹಬ್ಬದ ಒಂದು ಸಿಹಿರೊಟ್ಟಿ. ಅದರ ಹೆಸರು ಷ್ಟೊಲ್ಲೆನ್. ಹಳೆಯ ಡ್ರೆಸ್ಡೆನ್ನಿನವರ ಬಾಯಲ್ಲಿ ಷ್ಟ್ರೀತ್ಸೆಲ್. ಒಣದ್ರಾಕ್ಷಿ, ಬಾದಾಮಿ, ಸಕ್ಕರೆಯ ಪಾಕದಲ್ಲಿ ನೆನೆದ ಮಾದಳ ಕಿತ್ತಳೆಗಳ ಸಿಪ್ಪೆ, ಇವುಗಳಿಂದ ಇಡಿಕಿರಿದು, ಬೆಣ್ಣೆಯಲ್ಲಿ ಮಿಂದು, ಸಕ್ಕರೆಯ ಪುಡಿಯನ್ನು ಹೊದ್ದಿರುವ ಈ ರೊಟ್ಟಿಯನ್ನು ಕಂಡವರಿಗೆ, ಅದು ಹುಟ್ಟಿದ್ದು ಉಪವಾಸದ ಆಹಾರವಾಗಿ ಎಂದರೆ ನಂಬಿಕೆ ಬಾರದು. ಆದರೆ ಸಂಗತಿ ಹಾಗೆಯೇ ಇದೆ.

ಕ್ರಿಸ್ಮಸ್ಸಿಗೆ ಮುಂಚಿನ ವಾರಗಳನ್ನು ಮಧ್ಯಯುಗದ ಕ್ರೈಸ್ತರು ವ್ರತಕಾಲವಾಗಿ ಆಚರಿಸುತ್ತಿದ್ದರು. ಆಗ ಮಾಂಸವೊಂದೇ ಅಲ್ಲ, ಹಾಲು ಬೆಣ್ಣೆಗಳೂ ವರ್ಜ್ಯ. ಹಾಲುಹಣ್ಣನ್ನೇ ಉಪವಾಸದ ಆಹಾರವೆಂದು ತಿಳಿದಿರುವ ನಮಗೆ ಇದು ವಿಚಿತ್ರವೆನ್ನಿಸಬಹುದು. ಅವರ ಲೆಕ್ಕದಲ್ಲಿ ಪ್ರಾಣಿಯಿಂದ ಬಂದುದೆಲ್ಲವೂ ಒಂದೇ. 1329ರಲ್ಲಿ ನೌಂಬುರ್ಗ್ ಎಂಬ ಊರಿನ ಬಿಷಪ್ಪನು ರೊಟ್ಟಿಗಾರರ ಶ್ರೇಣಿಗೆ ಹಕ್ಕುಪತ್ರವನ್ನು ಕೊಟ್ಟಾಗ, ಪ್ರತಿ ಕ್ರಿಸ್ಮಸ್ಸಿಗೂ ಉದ್ದನೆಯ ಎರಡು ಗೋಧಿರೊಟ್ಟಿಗಳನ್ನು ತನಗೆ ಸಲ್ಲಿಸಬೇಕೆಂದು ವಿಧಿಸಿದನು. ಡ್ರೆಸ್ಡೆನ್ನಿನಲ್ಲಿ 1474ರ ಒಂದು ಆಸ್ಪತ್ರೆಯ ಲೆಕ್ಕದಲ್ಲಿ ಬಡವರಿಗಾಗಿ ಕೊಂಡ ‘ಕ್ರಿಸ್ತರೊಟ್ಟಿ’ಯ ಮಾತು ಬರುತ್ತದೆ. ಹಿಟ್ಟು, ಹುದುಗು, ನೀರು, ಒಂದಿಷ್ಟು ಎಣ್ಣೆ: ಆ ಕಾಲದ ರೊಟ್ಟಿಯಲ್ಲಿ ಇದಕ್ಕಿಂತ ಹೆಚ್ಚಿನ ವೈಭವವೇನೂ ಇರಲಿಲ್ಲ.

ಎಣ್ಣೆಯಲ್ಲಿಯೇ ಇದ್ದಿತು ತೊಡಕು. ವ್ರತನಿಯಮಗಳನ್ನು ವಿಧಿಸುತ್ತಿದ್ದ ರೋಮು ಆಲಿವ್ ಮರಗಳ ನಾಡು. ಅವನ್ನು ಪಾಲಿಸಬೇಕಾದ ಸ್ಯಾಕ್ಸನಿಯವರು ಚಳಿದೇಶದವರು, ಹಸುಗಳನ್ನು ಸಾಕುವವರು. ಅವರಿಗೆ ದೊರೆಯುತ್ತಿದ್ದುದು ಸಾಸುವೆಯ ಜಾತಿಯ ಒಂದು ಗಿಡದ ಕಟುವಾದ ಎಣ್ಣೆ. ಆದುದರಿಂದ ಬೆಣ್ಣೆಗೆ ಅಪ್ಪಣೆಯನ್ನು ಬೇಡಿ ಅರಸರು ಪೋಪರಿಗೆ ಬಿನ್ನವಿಸಿಕೊಂಡರು. ಎಲೆಕ್ಟರ್ ಎರ್ನ್ಸ್ಟ್ ಮತ್ತು ಅವನ ತಮ್ಮ ಆಲ್ಬ್ರೆಖ್ಟ್ 1450ರಲ್ಲಿ ಪೋಪ್ ಐದನೆಯ ನಿಕೊಲಾಸನಿಗೆ ಬರೆದರೆಂಬ ಕಥೆ ಪ್ರಚಾರದಲ್ಲಿದೆ. ಆ ವರ್ಷದಲ್ಲಿ ಅಣ್ಣನಿಗೆ ಒಂಬತ್ತು ವರ್ಷ, ತಮ್ಮನಿಗೆ ಏಳು. ಕಥೆ ಸ್ವಾರಸ್ಯವಾಗಿದ್ದರೂ ನಾವು ಅದನ್ನು ಇದ್ದಂತೆಯೇ ಒಪ್ಪಲಾರೆವು. ನಿಶ್ಚಿತವಾದುದು ಇಷ್ಟು: ನಿಕೊಲಾಸನ ತರುವಾಯ ಇನ್ನೂ ನಾಲ್ವರು ಪೋಪರು ಪೀಠವೇರಿ ಗತಿಸಿದ ಮೇಲೆ, 1491ರಲ್ಲಿ, ಎಂಟನೆಯ ಇನ್ನೊಸೆಂಟನು ಅಪ್ಪಣೆಯನ್ನು ದಯಪಾಲಿಸಿದನು. ‘ಬೆಣ್ಣೆಯ ಪತ್ರ’ವೆಂದು ಚರಿತ್ರೆಯಲ್ಲಿ ಹೆಸರಾದುದು ಇದೇ.

ಅಪ್ಪಣೆ ಪುಕ್ಕಟೆಯಾಗಿ ಬರಲಿಲ್ಲ. ಬೆಣ್ಣೆ ತಿನ್ನುವವರು ಕಾಣಿಕೆಯನ್ನು ಸಲ್ಲಿಸಬೇಕು. ಆ ಹಣ 1484ರಲ್ಲಿ ಬೆಂಕಿಗೆ ಆಹುತಿಯಾಗಿದ್ದ ಫ್ರೈಬೆರ್ಗಿನ ಮಹಾದೇವಾಲಯವನ್ನು ಮತ್ತೆ ಕಟ್ಟುವುದಕ್ಕೆ ಸಲ್ಲತಕ್ಕದ್ದು. ಇದು ಸ್ಯಾಕ್ಸನಿಗೆ ಮಾತ್ರ ಮೀಸಲಾದ ಏರ್ಪಾಡಲ್ಲ. ಫ್ರಾನ್ಸಿನ ರೂಆನ್ ನಗರದ ದೇವಾಲಯಕ್ಕೆ ಇಂಥದೇ ಹಣದಿಂದ ಎದ್ದ ಗೋಪುರವೊಂದಿದೆ. ಜನ ಅದನ್ನು ಬೆಣ್ಣೆಗೋಪುರವೆಂದೇ ಕರೆಯುತ್ತಾರೆ. ಸ್ಯಾಕ್ಸನಿಯವನೇ ಆದ ಮಾರ್ಟಿನ್ ಲೂಥರನು 1520ರಲ್ಲಿ ಜರ್ಮನಿಯ ಶ್ರೀಮಂತರನ್ನು ಉದ್ದೇಶಿಸಿ ಬರೆದ ಗ್ರಂಥದಲ್ಲಿ ಈ ಬೆಣ್ಣೆಯ ವ್ಯಾಪಾರವನ್ನು ಬಿಡಲಿಲ್ಲ. ರೋಮಿನವರು ತಾವು ವ್ರತವನ್ನು ಕಂಡು ನಗುತ್ತಾರೆ, ತಮ್ಮ ಪಾದರಕ್ಷೆಗೂ ಸವರದಂಥ ಎಣ್ಣೆಯನ್ನು ಇತರರಿಗೆ ತಿನ್ನಿಸುತ್ತಾರೆ, ಬಳಿಕ ಬೆಣ್ಣೆಯ ಸ್ವಾತಂತ್ರ್ಯವನ್ನು ಹಣಕ್ಕೆ ಮಾರುತ್ತಾರೆ ಎಂಬುದು ಅವನ ಆಕ್ಷೇಪಣೆ. ದೊಡ್ಡ ಮತಕ್ರಾಂತಿಯ ಕಾರಣಗಳಲ್ಲಿ ಬೆಣ್ಣೆಯನ್ನು ಮೊದಲನೆಯದೆಂದು ನಾವು ಎಣಿಸುವುದಿಲ್ಲ. ಆದರೆ ತತ್ತ್ವವಿಚಾರವು ತಿಳಿಯದ ಗೃಹಿಣಿಗೂ ಈ ದೂರು ತಿಳಿಯುತ್ತಿದ್ದಿತು. 1539ರಲ್ಲಿ ಡ್ರೆಸ್ಡೆನ್ ಲೂಥರನ ಮತಕ್ಕೆ ಸೇರಿತು. ಪೋಪನ ಪತ್ರದ ಅಗತ್ಯವು ಅಲ್ಲಿಗೆ ತೀರಿತು.

ಬೆಣ್ಣೆ ಬಂದ ಮೇಲೆ ರೊಟ್ಟಿಯ ಕೆಲಸ ಸುಲಭವಾಯಿತೆಂದು ತಿಳಿಯಬಾರದು. ಈಗ ರೂಢಿಯಲ್ಲಿರುವ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡೋಣ. ಹಿಂದಿನ ರಾತ್ರಿಯೇ ಒಣದ್ರಾಕ್ಷಿಯನ್ನು ರಮ್ಮಿನಲ್ಲಿ ನೆನೆಹಾಕುತ್ತಾರೆ. ಬೆಳಗ್ಗೆ ಉಗುರುಬೆಚ್ಚಗಿನ ಹಾಲಿನಲ್ಲಿ ಯೀಸ್ಟನ್ನು ಕರಗಿಸಿ, ಹಿಟ್ಟಿನ ಒಂದು ಭಾಗವನ್ನು ಮಾತ್ರ ಅದರೊಡನೆ ಕಲಸಿ, ಬೆಚ್ಚಗಿನ ಎಡೆಯಲ್ಲಿ ಮುಚ್ಚಿಡುತ್ತಾರೆ. ನಮ್ಮ ಇಡ್ಲಿಯ ಹಿಟ್ಟು ರಾತ್ರಿ ಉಬ್ಬುವಂತೆ ಅದೂ ಗುಳ್ಳೆಯೆದ್ದು ಉಬ್ಬುತ್ತದೆ. ಎಲ್ಲವನ್ನೂ ಒಮ್ಮೆಗೇ ಏಕೆ ಕಲಸಬಾರದು? ಸಕ್ಕರೆ ಅತಿಯಾದರೆ ಅದು ಹುದುಗಿನ ಸೂಕ್ಷ್ಮಜೀವಿಗಳಿಂದ ನೀರನ್ನು ಹೀರಿ ಅವುಗಳ ಚಟುವಟಿಕೆಯನ್ನು ಕುಂದಿಸುತ್ತದೆ; ಬೆಣ್ಣೆಯು ಹಿಟ್ಟಿನ ಕಣಗಳನ್ನು ಆವರಿಸಿ ಗೋಧಿಯ ಅಂಟು ಬಲಿಯಲು ಬಿಡುವುದಿಲ್ಲ. ಆದುದರಿಂದ ಮೊದಲು ಹುದುಗು ಬಲಗೊಳ್ಳಬೇಕು, ಅನಂತರ ಉಳಿದ ಹಿಟ್ಟು, ಸಕ್ಕರೆ, ಬೆಣ್ಣೆ, ಕಟ್ಟಕಡೆಗೆ ಹಣ್ಣು. ಹಣ್ಣನ್ನು ಮೊದಲೇ ಹಾಕಿ ನಾದಿದರೆ ದ್ರಾಕ್ಷಿ ನಜ್ಜುಗುಜ್ಜಾಗಿ ಕಣಕವೆಲ್ಲ ಕಪ್ಪಿಡುತ್ತದೆ. ಹದಕ್ಕೆ ಬಂದ ಕಣಕವನ್ನು ದಪ್ಪನಾಗಿ ತಟ್ಟಿ, ಒಂದು ಅಂಚನ್ನು ಇನ್ನೊಂದರ ಮೇಲೆ ಮಡಿಸುತ್ತಾರೆ. ಬಟ್ಟೆಯಲ್ಲಿ ಸುತ್ತಿದ ಬಾಲಯೇಸುವಿನ ಆಕಾರ ಅದೆಂದು ಹೇಳುವುದುಂಟು. ಒಲೆಯಿಂದ ತೆಗೆದೊಡನೆ, ಬಿಸಿಯಾಗಿರುವಾಗಲೇ, ಕರಗಿಸಿದ ಬೆಣ್ಣೆಯನ್ನು ಧಾರಾಳವಾಗಿ ಸವರಿ ಸಕ್ಕರೆಯನ್ನು ಉದುರಿಸುತ್ತಾರೆ. ಈ ಹೊದಿಕೆ ಅಲಂಕಾರಕ್ಕಾಗಿ ಮಾತ್ರವಲ್ಲ. ಒಳಗಿನ ತೇವ ಆರದಂತೆ ಕಾಯುವುದೂ ಅದೇ. ಆಮೇಲೆ ರೊಟ್ಟಿಯನ್ನು ಎರಡು ಮೂರು ವಾರ ತಂಪಾದ ಕೋಣೆಯಲ್ಲಿಟ್ಟು ಕಾಯಬೇಕು. ಮಕ್ಕಳಿರುವ ಮನೆಯಲ್ಲಿ ಕಠಿನವಾದ ವ್ರತವೆಂದರೆ ಇದೇ ಎಂದು ನಮಗೆ ತೋರುತ್ತದೆ.

ಕಣಕ ಮನೆಯದಾದರೂ ಒಲೆ ಬೇರೆಯವರದು. ಇಷ್ಟು ದೊಡ್ಡ ರೊಟ್ಟಿಗಳನ್ನು ಒಮ್ಮೆಗೆ ಬೇಯಿಸಬಲ್ಲ ಒಲೆ ಸಾಮಾನ್ಯ ಸಂಸಾರಗಳಲ್ಲಿ ಇರುತ್ತಿರಲಿಲ್ಲ. ಆದುದರಿಂದ ಸ್ಯಾಕ್ಸನಿಯ ಗೃಹಿಣಿಯರು ಸಾಮಗ್ರಿಯನ್ನಾಗಲಿ ಕಲಸಿದ ಕಣಕವನ್ನಾಗಲಿ ಬೀದಿಯ ರೊಟ್ಟಿಗಾರನ ಬಳಿಗೆ ಒಯ್ದು, ಕೂಲಿ ಕೊಟ್ಟು ಬೇಯಿಸಿಕೊಂಡು ಬರುವ ಪದ್ಧತಿ ಬೆಳೆಯಿತು. ಹತ್ತು ಮನೆಗಳ ರೊಟ್ಟಿ ಒಂದೇ ಒಲೆಯೊಳಗೆ ಹೋದಾಗ ಯಾವುದು ಯಾರದು? ಅದಕ್ಕಾಗಿ ಪ್ರತಿಯೊಂದು ಕುಟುಂಬಕ್ಕೂ ಹೆಸರನ್ನೋ ಮೊದಲಕ್ಷರಗಳನ್ನೋ ಕೆತ್ತಿದ ತಗಡಿನ ಚಿಕ್ಕ ಗುರುತುಗಳಿದ್ದವು. ಅವನ್ನು ಕಣಕಕ್ಕೆ ಚುಚ್ಚಿ ಒಲೆಗೆ ಹಾಕುತ್ತಿದ್ದರು. ಮನೆಗೆ ತರುವಾಗ ದಾರಿಯಲ್ಲಿ ರೊಟ್ಟಿ ಮುರಿದರೆ ಅಪಶಕುನವೆಂಬ ನಂಬಿಕೆಯೂ ಇದ್ದಿತು. ಅರಸರ ಪತ್ರಗಳಿಗಿಂತ ಈ ತಗಡಿನ ಗುರುತುಗಳೇ ನಮಗೆ ಹೆಚ್ಚು ಮಾತನಾಡುತ್ತವೆ. ಒಲೆ ಪರರದಾದರೂ ರೊಟ್ಟಿ ತಮ್ಮದೆಂದು ಸಾಧಿಸಲು ಆ ಹೆಂಗಸರಿಗಿದ್ದ ಹಕ್ಕುಪತ್ರ ಅದೊಂದೇ.

ಅರಸರ ವಿಷಯವನ್ನು ಹೇಳಲೇಬೇಕಾದರೆ, 1730ರ ಜೂನ್ ತಿಂಗಳಿನಲ್ಲಿ ‘ಬಲಶಾಲಿ’ ಆಗಸ್ಟಸ್ಸನು ತ್ಸೈಟ್‌ಹೈನ್ ಎಂಬಲ್ಲಿ ಸೈನ್ಯದ ಮಹಾಪ್ರದರ್ಶನವನ್ನು ಏರ್ಪಡಿಸಿ, ಸುಮಾರು 1.8 ಟನ್ ತೂಕದ ಒಂದೇ ರೊಟ್ಟಿಯನ್ನು ಅತಿಥಿಗಳಿಗೆ ಹಂಚಿಸಿದನು. ಅದಕ್ಕೆ 3600 ಮೊಟ್ಟೆ, ಎಳೆಯಲು ಎಂಟು ಕುದುರೆ. ಜೂನಿನಲ್ಲಿ ಕ್ರಿಸ್ಮಸ್ ಎಲ್ಲಿಂದ ಬಂದಿತೆಂದು ಅರಸನನ್ನು ಕೇಳುವವರು ಯಾರು!

ಇಪ್ಪತ್ತನೆಯ ಶತಮಾನದಲ್ಲಿ ತೊಡಕು ಮತ್ತೆ ಬಂದಿತು. 1945ರ ಫೆಬ್ರವರಿಯ ಬಾಂಬು ದಾಳಿಯಲ್ಲಿ ಹಳೆಯ ಡ್ರೆಸ್ಡೆನ್ ಸುಟ್ಟುಹೋಯಿತು. 1949ರಿಂದ 1990ರ ವರೆಗೆ ಜರ್ಮನಿ ಎರಡು ರಾಷ್ಟ್ರಗಳಾಗಿದ್ದಾಗ ನಗರವು ಪೂರ್ವದ ಪಾಲಿಗೆ ಸೇರಿತು. ಈ ಬಾರಿ ನಿಷೇಧವಿರಲಿಲ್ಲ, ಅಭಾವವಿದ್ದಿತು. ದ್ರಾಕ್ಷಿ, ಬಾದಾಮಿ, ಮಾದಳ ಇವೆಲ್ಲ ಪರದೇಶದಿಂದ ಬರಬೇಕಾದವು. ಅವಕ್ಕೆ ತೆರಲು ವಿದೇಶಿ ನಾಣ್ಯದ ಕೊರತೆ. ಮಾದಳದ ಸಿಪ್ಪೆಗೆ ಬದಲಾಗಿ ಹಸುರು ಟೊಮೆಟೊವನ್ನೂ ಗಜ್ಜರಿಯನ್ನೂ ಸಕ್ಕರೆಯ ಪಾಕದಲ್ಲಿ ಹಾಕಿ ಬಳಸಿದ್ದುಂಟು. ಪಶ್ಚಿಮದಲ್ಲಿ ನೆಂಟರಿದ್ದವರಿಗೆ ಅಂಚೆಯಲ್ಲಿ ದ್ರಾಕ್ಷಿ ಬಾದಾಮಿಗಳ ಕಟ್ಟು ಬರುತ್ತಿದ್ದಿತು. ಅದೇ ದ್ರಾಕ್ಷಿ ರೊಟ್ಟಿಯೊಳಗೆ ಸೇರಿ ಕ್ರಿಸ್ಮಸ್ಸಿನ ಹೊತ್ತಿಗೆ ಗಡಿಯಾಚೆಗೆ ಹಿಂದಿರುಗುತ್ತಿದ್ದಿತು. ಒಂದೇ ಕುಟುಂಬದ ಎರಡು ಭಾಗಗಳು ನಲವತ್ತು ವರ್ಷ ಹೀಗೆ ಕೊಟ್ಟು ತೆಗೆದುಕೊಂಡವು.

2010ರಲ್ಲಿ ಯೂರೋಪಿನ ಒಕ್ಕೂಟವು ಡ್ರೆಸ್ಡೆನ್ನಿನ ಷ್ಟೊಲ್ಲೆನ್ನಿಗೆ ಕಾನೂನಿನ ರಕ್ಷಣೆಯನ್ನು ಕೊಟ್ಟಿತು. ಆ ಹೆಸರಿನಿಂದ ಮಾರುವ ರೊಟ್ಟಿಯಲ್ಲಿ ನೂರು ಭಾಗ ಹಿಟ್ಟಿಗೆ ಅರುವತ್ತೈದು ಭಾಗ ದ್ರಾಕ್ಷಿ, ಇಪ್ಪತ್ತು ಭಾಗ ಸಿಪ್ಪೆ, ಹದಿನೈದು ಭಾಗ ಬಾದಾಮಿ ಇರಲೇಬೇಕು. ಕೂಡಿದರೆ ಹಿಟ್ಟಿನಷ್ಟೇ ತೂಕವಾಗುತ್ತದೆ. ಬೆಣ್ಣೆಯು ಐವತ್ತು ಭಾಗಕ್ಕಿಂತ ಕಡಿಮೆಯಾಗುವಂತಿಲ್ಲ. ಅದರ ಬದಲಿಗೆ ಮಾರ್ಗರೀನ್ ಹಾಕುವಂತಿಲ್ಲ. ತನ್ನ ಮನೆಗೆಂದು ಕಲಸುವ ಗೃಹಿಣಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅಜ್ಜಿಯ ಅಳತೆಯಲ್ಲಿ ದ್ರಾಕ್ಷಿ ಕಡಿಮೆಯಿದ್ದರೆ ಆಕೆ ಕಡಿಮೆಯನ್ನೇ ಹಾಕುತ್ತಾಳೆ.