ಕವಲೊಡೆದ ಬಾವಿ

ಮೈಲಾಪೂರಿಗೆ ಬಂದು ಮೂವತ್ತು ವರ್ಷದ ಮೇಲಾಯ್ತು. 2019ರ ಬೇಸಿಗೆಯಲ್ಲಿ ನಮ್ಮ ಫ್ಲ್ಯಾಟಿನ ಬೋರ್‌ವೆಲ್ ಬತ್ತಿ, ಲಾರಿ ನೀರಿಗೆ ಕೊಡ ಹಿಡಿದು ನಿಂತಾಗ ನೆನಪಾಗಿದ್ದು ಕಾಸರಗೋಡಿನ ಬಾಯಾರಿನಲ್ಲಿರುವ ಅಜ್ಜನ ಮನೆಯ ಸುರಂಗ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ನೀರು ಸಾಲದಿದ್ದರೆ ಒಳಗಿನಿಂದಲೇ ಪಕ್ಕಕ್ಕೆ ಇನ್ನೊಂದು ಕವಲು ತೆಗೆಯುವುದು. ಪಂಪು ಬೇಡ, ನೀರು ತಾನಾಗಿ ಹರಿದು ಬರುತ್ತದೆ.

ಎಣ್ಣೆಯವರಿಗೂ ಇಂಥದ್ದೇ ಉಪಾಯ ಹೊಳೆದಿತ್ತು ಅಂದ್ರೆ ನಂಬ್ತೀರಾ? 1953ರಲ್ಲಿ ಸೋವಿಯತ್ ಒಕ್ಕೂಟದ ಬಷ್ಕೀರಿಯಾದಲ್ಲಿ ಅಲೆಕ್ಸಾಂಡರ್ ಗ್ರಿಗೋರ್ಯಾನ್ ಎಂಬ ಎಂಜಿನಿಯರ್ 66/45 ನಂಬರಿನ ಬಾವಿ ಕೊರೆಸಿದರು. ಎಣ್ಣೆ ಪದರಕ್ಕಿಂತ ತುಸು ಮೇಲೆ ನಿಲ್ಲಿಸಿ, ಅಲ್ಲಿಂದ ಮರದ ಬೇರಿನ ಹಾಗೆ ಒಂಬತ್ತು ಕವಲು. ಖರ್ಚು ಮಾಮೂಲಿ ಬಾವಿಯ ಒಂದೂವರೆ ಪಟ್ಟು, ಸಿಕ್ಕಿದ ಎಣ್ಣೆ ಹದಿನೇಳು ಪಟ್ಟು! ಉದ್ದದ ಪೈಪನ್ನೆಲ್ಲ ತಿರುಗಿಸುವ ಬದಲು, ಒಳಗೆ ನೂಕಿದ ಕೆಸರಿನ ರಭಸದಿಂದ ತುದಿಯಲ್ಲಷ್ಟೇ ತಿರುಗುವ ಟರ್ಬೈನ್ ಇದ್ದದ್ದರಿಂದ ಬಾವಿಯನ್ನು ಹೀಗೆ ಬಾಗಿಸೋದು ಸಾಧ್ಯವಾಯ್ತು.

ಸರಿ, ಕೊರೆದದ್ದಾಯ್ತು. ಯಾವ ಕವಲು ಎಷ್ಟು ಕೊಡುತ್ತದೆ ಅಂತ ಮೊದಲೇ ಹೇಳೋದು ಹೇಗೆ? ಇದರ ಮೂಲಸೂತ್ರ ಎಣ್ಣೆಯದ್ದಲ್ಲ, ನೀರಿನದ್ದು. ಫ್ರಾನ್ಸಿನ ದಿಜೋನ್ ಊರಿಗೆ ನೀರು ತಂದ ಹೆನ್ರಿ ಡಾರ್ಸಿ 1856ರಲ್ಲೇ ಮರಳಿನಲ್ಲಿ ನೀರು ಹರಿಯುವ ಲೆಕ್ಕ ಬರೆದಿಟ್ಟಿದ್ದರು. ಹ್ಯೂಸ್ಟನ್ನಿನಲ್ಲಿ ಪೀಸ್‌ಮನ್ ಮತ್ತು ರಾಚ್‌ಫೋರ್ಡ್ 1955ರಲ್ಲಿ ಅಂಥ ಸಮೀಕರಣಗಳನ್ನು ಕಂಪ್ಯೂಟರಿನಲ್ಲಿ ಬೇಗ ಬಿಡಿಸುವ ದಾರಿ ತೋರಿಸಿದರು. ನೆಲವನ್ನು ಚೌಕ ಚೌಕವಾಗಿ ಹಂಚಿ ಲೆಕ್ಕ ಹಾಕೋದು. ಆದರೆ ಚೌಕ ನೂರಾರು ಅಡಿ, ಬಾವಿ ಕೆಲವೇ ಇಂಚು! ಚೌಕಕ್ಕೆ ಬಂದ ಒತ್ತಡ ಬಾವಿಯ ಒತ್ತಡವಲ್ಲ. ಬಾವಿಯಿಂದ ಚೌಕದ ಬದಿಯ ಸುಮಾರು ಐದನೇ ಒಂದು ಪಾಲು ದೂರದಲ್ಲಿರುವ ಒತ್ತಡ ಅಂತ 1978ರಲ್ಲಿ ಅದೇ ಪೀಸ್‌ಮನ್ ತೋರಿಸಿದರು.

ಕವಲಿದ್ದರೆ ತಲೆನೋವು ಇನ್ನೂ ಹೆಚ್ಚು. ಒಂದು ಕವಲು ಜೋರಾಗಿ ಹರಿದರೆ ಕೂಡುವ ಜಾಗದಲ್ಲಿ ಒತ್ತಡ ಏರಿ ಇನ್ನೊಂದು ಸೊರಗುತ್ತದೆ. ಹತ್ತಿರ ಹತ್ತಿರ ಇದ್ದರಂತೂ ಒಂದರ ಪಾಲನ್ನು ಇನ್ನೊಂದು ಕದಿಯುತ್ತದೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೇ ಬಿಡಿಸಬೇಕು, ಬಿಡಿಬಿಡಿಯಾಗಿ ನಡೆಯೋದಿಲ್ಲ.

ಮೊನ್ನೆ ಭಾವ ಫೋನು ಮಾಡಿದ್ದರು. ಪಕ್ಕದ ತೋಟದಲ್ಲಿ ಬೋರ್ ಕೊರೆಸಿದ ಮೇಲೆ ನಮ್ಮ ಸುರಂಗದ ಬಲಗಡೆಯ ಕವಲು ಒಣಗಿದೆಯಂತೆ. ಎಷ್ಟು ಆಳಕ್ಕೆ ಹೋಗಿದ್ದಾರೆ ಅಂತ ಕೇಳಿದೆ.

"ಆರುನೂರು ಅಡಿ" ಅಂದರು.