ಬೆಂಕಿ ಬೇಡದ ಪಾಕ

ತರೀಕೆರೆ ಸೀಮೆಯ ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಯತ್ತ ಹೋಗುವವರಿಗೆ ಬೆಟ್ಟದ ಕೆಂಪು ಮಣ್ಣು ಹಳೆಯ ಕತೆಯೊಂದನ್ನು ನೆನಪಿಗೆ ತರುತ್ತದೆ. ಈ ಬೆಟ್ಟದ ಅದಿರನ್ನು ಕರಗಿಸಲು ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕೆಲಸಕ್ಕೆ ತೊಡಗಿತು. ಅಂದು ಅದರ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮೊದಲು ಬರುತ್ತಿದ್ದುದು ಮರದ ಬಟ್ಟಿ. ಮಲೆನಾಡಿನ ಮರವನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿದರೆ ಕುಲುಮೆಗೆ ಇದ್ದಿಲು. ಎದ್ದ ಹೊಗೆಯನ್ನು ತಣಿಸಿದರೆ ಮರದ ಮದ್ಯಸಾರ, ಅಸಿಟೇಟು, ಟಾರು. ನಾಡಿಗೆ ಅದರಿಂದ ಉಪಕಾರವಾಯಿತು, ನಿಜ. ಆದರೆ ಆ ಉರಿಯ ಬೆಲೆಯನ್ನು ತೆತ್ತದ್ದು ಕಾಡು.

ಉರಿಯಿಲ್ಲದೆ ಪದಾರ್ಥವನ್ನು ಮಾರ್ಪಡಿಸುವ ಉಪಾಯವೂ ಉಂಟು. ಅದು ನಮ್ಮ ಹೊಲದಂಚಿನ ಹರಳು ಗಿಡದಲ್ಲೇ ಅಡಗಿದ್ದಿತು. ಉತ್ತರದವರು ಔಡಲವೆನ್ನುವ ಈ ಬೀಜದ ಎಣ್ಣೆಯನ್ನು ನಾವು ದೀಪಕ್ಕೂ ತಲೆಗೂ ಬಳಸಿದೆವು. ಮೊಳೆಯುವ ಹರಳು ಬೀಜದಲ್ಲಿ ಕೊಬ್ಬನ್ನು ಒಡೆಯುವ ಕಿಣ್ವವಿದೆಯೆಂದು 1890ರಲ್ಲಿ ಇಂಗ್ಲೆಂಡಿನ ರೆನಾಲ್ಡ್ಸ್ ಗ್ರೀನ್ ತೋರಿಸಿದನು. ಕಿಣ್ವವೆಂಬ ಮಾತು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಸುರೆಯನ್ನು ಹುದುಗಿಸುವ ದ್ರವ್ಯದ ಹೆಸರು.

1902ರಲ್ಲಿ ಜರ್ಮನಿಯ ಕಾನ್‌ಸ್ಟೈನ್, ಹೋಯರ್, ವಾರ್ಟೆನ್‌ಬರ್ಗ್ ಎಂಬ ಮೂವರು ಈ ಬೀಜವನ್ನು ಅರೆದು, ಎಣ್ಣೆ ನೀರುಗಳೊಡನೆ ಕಲಕಿ, ತುಸು ಹುಳಿ ಸೇರಿಸಿದರು. ಎಣ್ಣೆಗೂ ನೀರಿಗೂ ಸ್ನೇಹವಿಲ್ಲ. ಆದರೆ ಹಾಲಿನಲ್ಲಿ ಕೊಬ್ಬು ಸಣ್ಣ ಹನಿಗಳಾಗಿ ನಿಲ್ಲುವುದಿಲ್ಲವೆ? ಅಂಥ ಕಲಕಿಗೆ ಎಮಲ್ಷನ್ ಎಂದು ಹೆಸರು. ಹನಿ ಸಣ್ಣದಾದಷ್ಟೂ ಎಣ್ಣೆಯೂ ನೀರೂ ಮುಟ್ಟುವ ಮೈ ಹೆಚ್ಚುತ್ತದೆ. ಕಿಣ್ವ ದುಡಿಯುವುದು ಆ ಗಡಿಯಲ್ಲಿಯೇ. ಹೀಗೆ ಸಾಬೂನಿಗೆ ಬೇಕಾದ ಕೊಬ್ಬಿನಾಮ್ಲ ಉಗುರುಬೆಚ್ಚಗಿನ ಶಾಖದಲ್ಲಿ ದೊರೆಯಿತು.

ಆದರೂ ಗೆದ್ದುದು ಉರಿಯೇ. ಕಲಕಿದ ಪದಾರ್ಥವನ್ನು ಮತ್ತೆ ಬೇರ್ಪಡಿಸುವುದು ತೊಡಕಿನ ಕೆಲಸ, ಕಿಣ್ವದ ನಡೆಯೂ ನಿಧಾನ. ಸುಮಾರು 250 ಡಿಗ್ರಿ ಶಾಖದಲ್ಲಿ, ಭಾರಿ ಒತ್ತಡದಲ್ಲಿ ಕೊಬ್ಬನ್ನು ಒಡೆಯುವ ಕ್ರಮ ಬಂದಮೇಲೆ ಹರಳು ಬೀಜ ಮೂಲೆಗೆ ಸರಿಯಿತು. ಇಂಧನದ ಲೆಕ್ಕದಲ್ಲಿ ಕಾಡಿನ ನಷ್ಟವನ್ನೂ ಹೊಗೆಯನ್ನೂ ಆಗ ಯಾರೂ ಬರೆಯುತ್ತಿರಲಿಲ್ಲ.

ಒಡೆಯುವ ಕಿಣ್ವಕ್ಕೆ ಕೂಡಿಸುವ ಗುಣವೂ ಉಂಟು. 1900ರಲ್ಲೇ ಅಮೆರಿಕದ ಕ್ಯಾಸಲ್ ಮತ್ತು ಲೋವೆನ್‌ಹಾರ್ಟ್ ಅದನ್ನು ಕಂಡಿದ್ದರು. ನೀರು ಹೆಚ್ಚಿದ್ದರೆ ಕೊಬ್ಬು ಒಡೆಯುತ್ತದೆ. ನೀರು ತೀರ ಕಡಮೆಯಾದರೆ ಆಮ್ಲವೂ ಮದ್ಯಸಾರವೂ ಕೂಡಿ ಎಸ್ಟರ್ ಆಗುತ್ತದೆ. 1977ರಲ್ಲಿ ಮಾಸ್ಕೋದ ಮಾರ್ಟಿನೆಕ್, ಬೆರೆಜಿನ್ ಮುಂತಾದವರು ಎಣ್ಣೆಯಂಥ ದ್ರಾವಕದ ನಡುವೆ ನೀರಿನ ಅತಿಸೂಕ್ಷ್ಮ ಹನಿಗಳನ್ನು ನಿಲ್ಲಿಸಿ, ಅವುಗಳೊಳಗೆ ಕಿಣ್ವ ಕೆಡದೆ ದುಡಿಯುವುದೆಂದು ತೋರಿಸಿದರು. 1950ರಲ್ಲಿ ಸ್ಥಾಪನೆಯಾದ ಮೈಸೂರಿನ ಆಹಾರ ಸಂಶೋಧನಾಲಯದಲ್ಲಿಯೂ ಇಂಥ ಹನಿಗಳ ಮೇಲೆ, ಕಿಣ್ವದಿಂದ ಎಸ್ಟರ್ ಕಟ್ಟುವುದರ ಮೇಲೆ ಸಂಶೋಧನೆ ನಡೆದಿದೆ.

ಕಿಣ್ವವೇನೂ ಪುಕ್ಕಟೆಯಲ್ಲ, ಎಲ್ಲ ಕೆಲಸಕ್ಕೂ ಒಗ್ಗುವುದೂ ಇಲ್ಲ. ಆದರೂ ಒಂದು ರೀತಿಯನ್ನು ಅಗ್ಗವೆನ್ನುವ ಮುನ್ನ ಅದರ ಬೆಲೆಯನ್ನು ತೆರುವವರು ಯಾರೆಂದು ಕೇಳಬೇಕು. ಕಾಡಿನ ಪಾಲನ್ನೂ ಲೆಕ್ಕಕ್ಕೆ ಹಿಡಿದಿದ್ದರೆ ಹರಳು ಬೀಜ ಅಷ್ಟು ಸುಲಭವಾಗಿ ಸೋಲುತ್ತಿರಲಿಲ್ಲ.