ಪ್ರೋಟೀನು ನುಡಿದ ಸಾಕ್ಷ್ಯ

ಉಣುಗು ಎಂದೊಡನೆ ನಮ್ಮವರಿಗೆ ನೆನಪಾಗುವುದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ. ಅದಕ್ಕೆ ಕಾರಣ ವೈರಸ್. ಉಣುಗು ಹರಡುವ ಬ್ಯಾಕ್ಟೀರಿಯಾ ರೋಗಗಳೂ ಇವೆ. ಅಂಥವುಗಳಲ್ಲಿ ಒಂದಾದ ಲೈಮ್ ರೋಗವನ್ನು ರಕ್ತದಲ್ಲಿ ಗುರುತಿಸಲು ಕಲಿತ ಕಥೆ ತಿಳಿಯತಕ್ಕದ್ದು.

1975ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಮತ್ತು ನೆರೆಯ ಊರುಗಳಲ್ಲಿ ಅನೇಕ ಮಕ್ಕಳ ಕೀಲುಗಳು ಬಾತುಕೊಂಡವು. ಸಂಧಿವಾತವೆಂದರು ವೈದ್ಯರು. ಒಂದೇ ಕಡೆ ಇಷ್ಟು ಮಕ್ಕಳಿಗೆ ಹೇಗೆ ಬಂತು ಎಂದು ಇಬ್ಬರು ತಾಯಂದಿರು ಆರೋಗ್ಯ ಇಲಾಖೆಯನ್ನು ಕೇಳಿದರು. ಯೇಲ್ ವಿಶ್ವವಿದ್ಯಾಲಯದ ಡಾ. ಆಲನ್ ಸ್ಟೀರ್ ಮತ್ತು ಸಂಗಡಿಗರು 39 ಮಕ್ಕಳು, 12 ವಯಸ್ಕರನ್ನು ಪರೀಕ್ಷಿಸಿ 1977ರಲ್ಲಿ ವರದಿ ಪ್ರಕಟಿಸಿದರು. 1981ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಅವರಿಗೆ ಉಣುಗಿನ ಕರುಳಿನಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡಿತು. ರೋಗಿಗಳ ರಕ್ತದಲ್ಲಿದ್ದ ಪ್ರತಿಕಾಯಗಳು ಅದಕ್ಕೆ ಅಂಟಿಕೊಂಡವು. ರಕ್ತಪರೀಕ್ಷೆಗೆ ಇದೇ ತಳಹದಿ.

ಆದರೆ ತೊಡಕೂ ಇಲ್ಲಿಯೇ ಇತ್ತು. ಮೊದಲ ಪರೀಕ್ಷೆಗಳಲ್ಲಿ ಇಡೀ ಬ್ಯಾಕ್ಟೀರಿಯಾವನ್ನೇ ಬಳಸುತ್ತಿದ್ದರು. ಅದು ಚಲಿಸಲು ನೆರವಾಗುವ ಎಳೆಗಳ ಪ್ರೋಟೀನು ಸಿಫಿಲಿಸ್ ರೋಗಾಣುವಿನ ಪ್ರೋಟೀನನ್ನು ಹೋಲುತ್ತದೆ. ಹೀಗಾಗಿ ಲೈಮ್ ಇಲ್ಲದವರಿಗೂ ರೋಗವಿದೆ ಎಂಬ ಫಲಿತಾಂಶ ಬರುತ್ತಿತ್ತು. 1994ರಲ್ಲಿ ಡಿಯರ್‌ಬಾರ್ನ್ ನಗರದಲ್ಲಿ ಸೇರಿದ ತಜ್ಞರು ಎರಡು ಹಂತದ ಪರೀಕ್ಷೆಯನ್ನು ಸೂಚಿಸಿದರು. ಮೊದಲ ಹಂತದಲ್ಲಿ ಸಂಶಯ ಬಂದರೆ, ಎರಡನೆಯದರಲ್ಲಿ ಪ್ರೋಟೀನುಗಳನ್ನು ಗಾತ್ರಾನುಸಾರ ಬೇರ್ಪಡಿಸಬೇಕು. ದೀರ್ಘಕಾಲ ಉಳಿಯುವ ಐಜಿಜಿ ಪ್ರತಿಕಾಯಗಳು ಗೊತ್ತುಮಾಡಿದ 10 ಪ್ರೋಟೀನುಗಳಲ್ಲಿ ಕನಿಷ್ಠ 5ನ್ನಾದರೂ ಗುರುತಿಸಬೇಕು.

1997ರಲ್ಲಿ ವಿಎಲ್‌ಎಸ್‌ಇ ಎಂಬ ಪ್ರೋಟೀನು ಪತ್ತೆಯಾಯಿತು. ದೇಹದ ಕಾವಲನ್ನು ವಂಚಿಸಲು ಬ್ಯಾಕ್ಟೀರಿಯಾ ಇದರ ರೂಪವನ್ನು ಮತ್ತೆ ಮತ್ತೆ ಬದಲಿಸುತ್ತದೆ. ಆದರೂ ಅದರ ಒಂದು ತುಣುಕು ಹೆಚ್ಚುಕಡಿಮೆ ಬದಲಾಗುವುದಿಲ್ಲ. ಸಿ6 ಎಂಬ ಈ ತುಣುಕನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಮನುಷ್ಯರ ರಕ್ತಪರೀಕ್ಷೆಗೂ ನಾಯಿಗಳ ರಕ್ತಪರೀಕ್ಷೆಗೂ ಬಳಸಲಾಯಿತು. ಇನ್ನೊಂದು ಉಪಯೋಗವೂ ದೊರೆಯಿತು. 1998ರಿಂದ 2002ರವರೆಗೆ ಅಮೆರಿಕದಲ್ಲಿ ಜನರಿಗೆ ನೀಡಿದ ಲಸಿಕೆಯಲ್ಲಿದ್ದುದು ಓಎಸ್‌ಪಿಎ ಎಂಬ ಬೇರೆ ಪ್ರೋಟೀನು. ಲಸಿಕೆಯಿಂದ ಹುಟ್ಟಿದ ಪ್ರತಿಕಾಯ ಹಳೆಯ ಪರೀಕ್ಷೆಯನ್ನು ಗೊಂದಲಗೊಳಿಸುತ್ತಿತ್ತು. ಸಿ6 ಪರೀಕ್ಷೆಗೆ ಆ ಗೊಂದಲವಿರಲಿಲ್ಲ.

ಎಷ್ಟೇ ಸುಧಾರಿಸಿದರೂ ಇವೆಲ್ಲ ಹುಡುಕುವುದು ಪ್ರತಿಕಾಯವನ್ನು, ರೋಗಾಣುವನ್ನಲ್ಲ. ಪ್ರತಿಕಾಯ ಹುಟ್ಟಲು ಕೆಲವು ವಾರ ಬೇಕು. ಗುಣವಾದ ಮೇಲೂ ಅದು ವರ್ಷಗಟ್ಟಲೆ ಉಳಿಯಬಹುದು. ಆದುದರಿಂದ ಉಣುಗು ಕಚ್ಚಿದಲ್ಲಿ ಹರಡುವ ಕೆಂಪು ವೃತ್ತ ಕಂಡರೆ, ರೋಗವಿರುವ ಪ್ರದೇಶಗಳ ವೈದ್ಯರು ರಕ್ತದ ಫಲಿತಾಂಶಕ್ಕೆ ಕಾಯದೆ ಚಿಕಿತ್ಸೆ ಆರಂಭಿಸುತ್ತಾರೆ.